ಬಚ್ಚಲು ಮನೆಯೊಳಗೆ ಬಂದ ಕತೆ

ಹೋದ ವರ್ಷ ಬೆಂಗಳೂರಲ್ಲಿ ಬಾಡಿಗೆ ಮನೆ ಬದಲಾಯಿಸಿದೆ. ಬಿಟ್ಟು ಬಂದದ್ದು ಬಸವನಗುಡಿ ಕಡೆಯ ಒಂದು ಹಳೇ ಅಪಾರ್ಟ್‌ಮೆಂಟು, ವಯಸ್ಸಲ್ಲಿ ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡದು. ಅಡ್ವಾನ್ಸ್ ವಾಪಸ್ ಕೊಡೋಕೆ ಬಂದ ಓನರ್ ಸೀದಾ ಬಾತ್‌ರೂಮಿಗೆ ಹೋಗಿ ತಲೆ ಎತ್ತಿ ಸೀಲಿಂಗ್ ನೋಡಿದರು. ಅಲ್ಲಿ ಕಪ್ಪು ಚುಕ್ಕೆ, ಹಸಿರು ಚುಕ್ಕೆ, ಮೂಲೆಯಲ್ಲಿ ಒಂದು ಇಡೀ ಭೂಪಟ. "ನೀವು ಕ್ಲೀನಾಗಿ ಇಟ್ಕೊಂಡಿಲ್ಲ. ಮಂಗಳೂರು ಕಡೆಯವ್ರು ದಿನಕ್ಕೆ ಎರಡೆರಡು ಸಲ ಬಿಸಿನೀರು ಸುರ್ಕೋತೀರ" ಅಂದರು. (ಘಟ್ಟದ ಕೆಳಗಿನವರೆಲ್ಲ ಇವರಿಗೆ ಮಂಗಳೂರಿನವರು!) ಮಾಮೂಲಿ ಪೇಂಟಿಂಗ್ ದುಡ್ಡಲ್ಲದೆ ಇನ್ನೊಂದಷ್ಟು ಮುರ್ಕೊಂಡರು.

ದುಡ್ಡು ಹೋದದ್ದಕ್ಕಿಂತ ಆ "ಕ್ಲೀನಾಗಿ ಇಟ್ಕೊಂಡಿಲ್ಲ" ಅನ್ನೋ ಮಾತು ಚುಚ್ಚಿತು. ಯಾಕಂದರೆ ಆ ಸೀಲಿಂಗನ್ನು ಸ್ಟೂಲ್ ಹತ್ತಿ ನಾನು ಎಷ್ಟು ಸಲ ಉಜ್ಜಿದ್ದೇನೋ ನನಗೇ ಲೆಕ್ಕ ಇಲ್ಲ. ಅದೂ ಅಲ್ಲದೆ ಆ ಮಳೆಗಾಲದಲ್ಲಿ ಅಮ್ಮ ಊರಿಂದ ಬಂದು ಒಂದು ತಿಂಗಳು ಇದ್ದರು. ಅವರಿಗೆ ಮೊದಲೇ ಉಬ್ಬಸ. ಆ ಮನೆಯಲ್ಲಿ ರಾತ್ರಿಯಿಡೀ ಕೂತೇ ಇರುತ್ತಿದ್ದರು. ಬಂದ ಮೊದಲ ದಿನ ಬಾತ್‌ರೂಮಿಂದ ಹೊರಗೆ ಬಂದು ಅವರು ಹೇಳಿದ್ದು ಇಷ್ಟೇ: "ಇದೆಂತ ಮಗಾ, ಬೂಷ್ಟ್ ಹಿಡ್ದಿತ್ತಲೆ! ಹಬಿ ಹೋಪುಕೆ ದಾರಿಯೇ ಇಲ್ಯಲೆ ಇಲ್ಲಿ."

ಹಬೆ ಹೋಗೋಕೆ ದಾರಿ ಇಲ್ಲ. ಎಂಜಿನಿಯರಿಂಗ್ ಓದಿದ ನಾನು ಎರಡು ವರ್ಷ ಫಿನಾಯಿಲು, ಬ್ಲೀಚಿಂಗ್ ಪೌಡರು, ವಿನೆಗರ್ ಅಂತ ಒದ್ದಾಡಿದ್ದೆ. ಅಮ್ಮ ಒಂದೇ ನಿಮಿಷದಲ್ಲಿ ಕಾಯಿಲೆ ಹೇಳಿಬಿಟ್ಟರು. ಅಲ್ಲಿಂದ ಶುರುವಾದದ್ದು ಈ ಬಚ್ಚಲು ಪುರಾಣ.

ನಮ್ಮದು ಬಾರ್ಕೂರು. ಒಂದು ಕಾಲಕ್ಕೆ ಆಳುಪರ ರಾಜಧಾನಿ, ಶಾಸನಗಳ ಬಾರಹಕನ್ಯಾಪುರ. ಆಮೇಲೆ ವಿಜಯನಗರದವರ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರ. 14ನೇ ಶತಮಾನದಲ್ಲಿ ಇಬ್ನ್ ಬತೂತ ಕಂಡ 'ಫಾಕನೂರು' ಇದೇ ಅಂತಾರೆ. ಇಂಥ ಊರಲ್ಲಿ ಹುಟ್ಟಿ ನಾನು ಚರಿತ್ರೆ ಬರೆಯೋಕೆ ಹೊರಟಿದ್ದು ಬಚ್ಚಲಿಂದು, ಏನ್ಮಾಡೋದು :-)

ಆದರೆ ನೋಡಿ, ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು, ಅದರಲ್ಲಿ ಹೆಚ್ಚಿನದೆಲ್ಲ ನಾಲ್ಕೇ ತಿಂಗಳಲ್ಲಿ. ಬೆಂಗಳೂರಿಗೆ ಅದರ ಕಾಲು ಭಾಗ. ನಮ್ಮೂರ ಕತ್ತಲೆ ಬಸದಿಯನ್ನು ಆಷಾಢದಲ್ಲಿ ಹೋಗಿ ನೋಡಿ, ಕಲ್ಲಿಗೆಲ್ಲ ಹಾವಸೆ ಹತ್ತಿರುತ್ತದೆ. ಅಂಥ ಊರಲ್ಲಿ ನಮ್ಮ ಬಚ್ಚಲಿನ ಗೋಡೆಗೆ ಬೂಷ್ಟು ಹಿಡಿದದ್ದು ನನಗೆ ನೆನಪೇ ಇಲ್ಲ. ನೆಲಕ್ಕೆ ಹಾವಸೆ ಹತ್ತುತ್ತಿತ್ತು, ಜಾರಿ ಬಿದ್ದದ್ದೂ ಉಂಟು. ಗೋಡೆ ಮಾತ್ರ ಬೆಳ್ಳಗೆ, ಇಲ್ಲಾ ಮಸಿ ಹಿಡಿದು ಕರ್ರಗೆ.

ಯಾಕೆ ಅಂತ ಈಗ ಯೋಚನೆ ಮಾಡಿದರೆ ಹೊಳೆಯುತ್ತದೆ. ನಮ್ಮ ಬಚ್ಚಲು ಮನೆಯೊಳಗೇ ಇರಲಿಲ್ಲ. ಹಿಂಬದಿ ಬಾವಿಕಟ್ಟೆ ಪಕ್ಕ, ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು. (1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಬಂದದ್ದು ಈ ಹೆಂಚು. ಅದಕ್ಕೂ ಮೊದಲು ಹೆಚ್ಚಿನ ಮನೆಗಳಿಗೆ ಮುಳಿಹುಲ್ಲಿನ ಮಾಡು.) ಗೋಡೆಗೂ ಮಾಡಿಗೂ ನಡುವೆ ಒಂದು ಗೇಣು ಖಾಲಿ. ಹೆಂಚಿನ ಸಂದಿಯಲ್ಲೂ ಗಾಳಿ ಆಡುತ್ತದೆ. ಒಂದು ಮೂಲೆಯಲ್ಲಿ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಅದರಡಿ ಬೆಳಿಗ್ಗೆ ಐದಕ್ಕೇ ಮಡಲು, ತೆಂಗಿನ ಸಿಪ್ಪೆಯ ಬೆಂಕಿ. ಸ್ನಾನದ ಹಬೆ ಮೇಲೇರುತ್ತದೆ, ಸಂದಿಯಲ್ಲಿ ಹೋಗುತ್ತದೆ. ಉಳಿದ ತೇವವನ್ನು ಒಲೆಯ ಕಾವು ಒಣಗಿಸುತ್ತದೆ. ಹೊಗೆಯಲ್ಲಿರುವ ಫೀನಾಲ್ ತರದ ವಸ್ತುಗಳಿಗೂ ಬೂಷ್ಟಿಗೂ ಆಗಿಬರುವುದಿಲ್ಲ. ಮೀನು, ಮಾಂಸ ಹೊಗೆಯಲ್ಲಿಟ್ಟರೆ ಕೆಡದೆ ಉಳಿಯುವುದಕ್ಕೆ ಇದೂ ಒಂದು ಕಾರಣ.

ಮತ್ತೆ ಸುಣ್ಣ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಕರಾವಳಿಯಲ್ಲಿ ಸುಣ್ಣಕಲ್ಲಿಗಿಂತ ಹೊಳೆಯ ಚಿಪ್ಪು ಸಲೀಸು. ಗೂಡಿನಲ್ಲಿ ಚಿಪ್ಪನ್ನು 900 ಡಿಗ್ರಿ ಆಸುಪಾಸಿನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದ್ದು ಬಳಿಯುವ ಸುಣ್ಣ ಆಗುತ್ತದೆ. ಅದರ ಪಿಎಚ್ 12ಕ್ಕಿಂತ ಮೇಲೆ, ಯಾವ ಬೂಷ್ಟೂ ಅಲ್ಲಿ ಬದುಕೋದಿಲ್ಲ. ಆದರೆ ಗೋಡೆಯ ಮೇಲಿನ ಸುಣ್ಣ ಗಾಳಿಯಲ್ಲಿರುವ ಡೈಆಕ್ಸೈಡ್ ಕುಡಿದು ನಿಧಾನಕ್ಕೆ ಮತ್ತೆ ಚಿಪ್ಪಿನ ಜಾತಿಗೇ ಸೇರಿಬಿಡುತ್ತದೆ, ಖಾರ ಇಳಿಯುತ್ತದೆ. ಅದಕ್ಕೇ ವರ್ಷ ವರ್ಷ ಬಳಿಯಬೇಕು. ಯಾವಾಗ? ಮಳೆ ಮುಗಿದ ಕೂಡಲೇ, ದೀಪಾವಳಿಗೆ. ನೀರು ತುಂಬುವ ಹಬ್ಬದ ದಿನ ಬಚ್ಚಲು ತಿಕ್ಕಿ ತೊಳೆದು, ಹಂಡೆಗೆ ಹುಳಿ ಹಚ್ಚಿ ಬೆಳಗಿ, ಶೇಡಿಯಲ್ಲಿ ಗೆರೆ ಎಳೆದು, ಹಿಂಡ್ಲೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಗಂಟೆ ಬಾರಿಸುವುದು. ಸಣ್ಣವನಿರುವಾಗ ನನಗದು ಬರೀ ಹಬ್ಬ. ನಾಲ್ಕು ತಿಂಗಳ ತೇವಕ್ಕೆ ಒಂದು ವಾರ್ಷಿಕ ಮೇಂಟೆನೆನ್ಸ್ ಕೂಡ ಹೌದು ಅಂತ ಈಗ ಅನಿಸುತ್ತದೆ.

ಇನ್ನು ಬೆಂಗಳೂರಿಗೆ ಬರೋಣ. ಹೆಸರಘಟ್ಟದಿಂದ ನಲ್ಲಿ ನೀರು ಬಂದದ್ದು 1896ರಲ್ಲಿ. 1898ರಲ್ಲಿ ಪ್ಲೇಗು. ಆ ಹೊತ್ತಿಗೇ ಹುಟ್ಟಿದ ಬಡಾವಣೆಗಳು ಬಸವನಗುಡಿ, ಮಲ್ಲೇಶ್ವರ. ಗಾಳಿ ಬೆಳಕು ಬೇಕು ಅಂತಲೇ ಅಗಲ ರಸ್ತೆ, ಸುತ್ತ ಜಾಗ ಬಿಟ್ಟ ಮನೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಕಕ್ಕಸು ಆ ಹಿಂದಿನ ಗಲ್ಲಿಯ ಕಡೆಗೆ. ಅದನ್ನು ಎತ್ತಿ ಹೊರುವವರು ಬರುತ್ತಿದ್ದ ದಾರಿ ಅದು. ಹಳೇ ಕಾಲದ ಬಚ್ಚಲನ್ನು ಹೊಗಳುವಾಗ ಇದನ್ನು ಮರೆಯಬಾರದು. ಮಲ ಹೊರಿಸುವುದನ್ನು ನಿಷೇಧಿಸುವ ಕಾಯ್ದೆ ದೇಶದಲ್ಲಿ ಬಂದದ್ದು 1993ರಷ್ಟು ತಡವಾಗಿ.

ನಲ್ಲಿ ಬಂತು, ಒಳಚರಂಡಿ ಬಂತು, ಬಚ್ಚಲು ಒಂದೊಂದೇ ಹೆಜ್ಜೆ ಒಳಗೆ ಬಂತು. ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ 1972ರದ್ದು. ಮಹಡಿ ಮೇಲೆ ಮಹಡಿ ಬಂದ ಮೇಲೆ ಬಚ್ಚಲಿಗೆ ಹಿತ್ತಲು ಎಲ್ಲಿಂದ ತರೋದು? ನಾಲ್ಕು ಮನೆಯ ಬಚ್ಚಲುಗಳ ನಡುವೆ ಒಂದು ಡಕ್ಟ್, ಅದಕ್ಕೆ ತೆರೆಯುವ ಅಂಗೈಯಗಲದ ಕಿಟಕಿ, ಅದರಲ್ಲಿ ಗಾಜಿನ ಪಟ್ಟಿ. ಆ ಡಕ್ಟಿಗೆ ಬಿಸಿಲೂ ಇಲ್ಲ ಗಾಳಿಯೂ ಇಲ್ಲ, ಇರೋದು ಪಾರಿವಾಳ ಮಾತ್ರ. ಒಲೆ ಹೋಗಿ ಗೀಸರ್ ಬಂತು. ಸುಣ್ಣ ಹೋಗಿ ಪ್ಲಾಸ್ಟಿಕ್ ಪೇಂಟ್ ಬಂತು. ತೇವ ಹೀರಿ ಬಿಡುತ್ತಿದ್ದ ಗೋಡೆ ಈಗ ರೈನ್‌ಕೋಟ್ ಹಾಕಿಕೊಂಡಿತು. ಸಾಲದ್ದಕ್ಕೆ ಮೇಲಿನ ಮನೆಯ ಬಾತ್‌ರೂಮಿನ ತಗ್ಗಿಸಿದ ಸ್ಲ್ಯಾಬಿನಲ್ಲಿ ತುಂಬಿದ ಇಟ್ಟಿಗೆ ಚೂರು ನೀರು ಕುಡಿದು ನಮ್ಮ ಸೀಲಿಂಗಿಗೆ ಇಳಿಸುತ್ತದೆ. ಬೂಷ್ಟಿನ ಬೀಜ ಎಲ್ಲ ಗಾಳಿಯಲ್ಲೂ ಇರುತ್ತದೆ. ಮೇಲ್ಮೈಯಲ್ಲಿ ತೇವಾಂಶ 80 ಶೇಕಡಾ ದಾಟಿ ನಿಂತರೆ, ಸೋಪಿನ ಜಿಡ್ಡು, ಪೇಂಟಿನ ಅಂಟು ಇಷ್ಟೇ ಸಾಕು ಅದಕ್ಕೆ ಊಟ. ಬಚ್ಚಲನ್ನು ಒಳಗೆ ತಂದೆವು, ಆದರೆ ಅದರ ಸಂದಿ, ಹೊಗೆ, ಸುಣ್ಣ ಮೂರನ್ನೂ ಹಿತ್ತಲಲ್ಲೇ ಬಿಟ್ಟು ಬಂದೆವು. (ಇದೇ ಮುಚ್ಚಿದ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇಟ್ಟು ಕಾರ್ಬನ್ ಮಾನಾಕ್ಸೈಡಿಗೆ ಜೀವ ಬಿಟ್ಟವರ ಸುದ್ದಿ ಚಳಿಗಾಲದಲ್ಲಿ ಪೇಪರಲ್ಲಿ ಓದಿರುತ್ತೀರಿ. ಅದೂ ದಾರಿ ಇಲ್ಲದ ಗಾಳಿಯ ಕತೆಯೇ.)

ಇದು ನಮ್ಮಲ್ಲಷ್ಟೇ ಇರುವ ಜಗಳ ಅಲ್ಲ. ಇಂಗ್ಲೆಂಡಿನ ರೋಚ್‌ಡೇಲ್ ಊರಿನಲ್ಲಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಫ್ಲ್ಯಾಟಿನ ತುಂಬ ಬೂಷ್ಟು, ಸುಡಾನಿನಿಂದ ಬಂದ ಅಪ್ಪ ಅಮ್ಮ ವರ್ಷಗಟ್ಟಲೆ ದೂರು ಕೊಟ್ಟಿದ್ದರು. ಮನೆ ಕೊಟ್ಟ ಸಂಸ್ಥೆ ತಪ್ಪನ್ನು ಅವರ ಜೀವನಶೈಲಿ, ಸ್ನಾನದ ಅಭ್ಯಾಸದ ಮೇಲೆ ಹಾಕಿತ್ತು. ಸಾವಿಗೆ ಬೂಷ್ಟೇ ಕಾರಣ, ಮನೆಯಲ್ಲಿ ಸರಿಯಾದ ಗಾಳಿಯ ವ್ಯವಸ್ಥೆ ಇರಲಿಲ್ಲ ಅಂತ 2022ರ ನವೆಂಬರಿನಲ್ಲಿ ವಿಚಾರಣೆ ಮುಗಿಯಿತು. ಮರುವರ್ಷವೇ ಅಲ್ಲಿ ಕಾನೂನು ಬದಲಾಯಿತು. ಓದುವಾಗ ನನಗೆ ನಮ್ಮ ಓನರ್ ಮಾತೇ ಕಿವಿಯಲ್ಲಿ. ತೇವ, ಬೂಷ್ಟು ಇರುವ ಮನೆಗೂ ಉಬ್ಬಸಕ್ಕೂ ಸಂಬಂಧ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಒಂದು ಪುಸ್ತಕದಷ್ಟು ಬರೆದಿದೆ.

ಈಗಿರುವ ಮನೆಯೂ ಹಳೆಯದೇ, ಜುಲೈಗೆ ಚುಕ್ಕೆ ಶುರು. ಈ ಸಲದ ಓನರ್ ಆಂಟಿ ಒಳ್ಳೆಯವರು, ಏನು ಬೇಕಾದ್ರೂ ಮಾಡ್ಕೋ ಅಂದರು. ಮೊದಲು ಮೇಲಿನ ಮನೆಯವರ ಕೈಕಾಲು ಹಿಡಿದು ನಹನಿ ಟ್ರ್ಯಾಪ್ ರಿಪೇರಿ ಮಾಡಿಸಿದೆ. ಎರಡು ಗಾಜಿನ ಪಟ್ಟಿ ಕಿತ್ತು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ, ಸ್ನಾನ ಆದ ಮೇಲೂ ಅರ್ಧ ಗಂಟೆ ಅದು ತಿರುಗುತ್ತಿರಬೇಕು, ಬಾಗಿಲಡಿ ಸಂದಿ ಇರಬೇಕು. ಇಲ್ಲದಿದ್ದರೆ ಫ್ಯಾನಿಗೆ ಎಳೆಯೋಕೆ ಗಾಳಿಯೇ ಸಿಗೋದಿಲ್ಲ. ಆಮೇಲೆ ಮೂಗಿಗೆ ಮಾಸ್ಕ್ ಕಟ್ಟಿ, ನೀರು ಚಿಮುಕಿಸಿಕೊಂಡು ಸೀಲಿಂಗಿನ ಪೇಂಟನ್ನು ಗಾರೆ ಕಾಣುವವರೆಗೆ ಕೆರೆದೆ. ಪ್ಲಾಸ್ಟಿಕ್ ಪೇಂಟಿನ ಮೇಲೆ ಸುಣ್ಣ ನಿಲ್ಲೋದಿಲ್ಲ. ತೆಳ್ಳಗೆ ಮೂರು ಕೋಟು ಸುಣ್ಣ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಒಂದು ಹನಿ ಬಿದ್ದರೂ ಸುಡುತ್ತದೆ. ಇನ್ನೊಂದು ಮಾತು, ಬ್ಲೀಚಿಂಗ್ ಪೌಡರ್ ಜತೆ ಆಸಿಡ್ ಮಾತ್ರ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತದೆ. ಇಷ್ಟು ಮಾಡಿ ಒಂದು ಮಳೆಗಾಲ ಕಳೆಯಿತು, ಒಂದು ಮೂಲೆ ಬಿಟ್ಟರೆ ಬೆಳ್ಳಗಿದೆ.

ಇದೆಲ್ಲ ಆಗುವಾಗಲೇ ಊರಿಂದ ಅಪ್ಪಯ್ಯನ ಫೋನು. ಹಿಂದಿನ ಬಚ್ಚಲು ಒಡೆದು ಮನೆಯೊಳಗೇ ಅಟ್ಯಾಚ್ಡ್ ಬಾತ್‌ರೂಮ್ ಮಾಡಿಸುವುದಂತೆ. ನಾನು ಬೇಡ ಅಂತ ಹೇಳೋಕೆ ಬಾಯಿ ತೆರೆದೆ. ಆದರೆ ಎರಡು ವರ್ಷದ ಹಿಂದೆ ಮಳೆಯಲ್ಲಿ ಬಚ್ಚಲಿಗೆ ಹೋಗುವಾಗ ಹಾವಸೆಗೆ ಜಾರಿ ಸೊಂಟ ಮುರಿದುಕೊಂಡ ಅಮ್ಮಮ್ಮ ಇನ್ನೂ ಹಾಸಿಗೆಯಲ್ಲೇ ಇದ್ದಾರೆ. ಐವತ್ತು ವರ್ಷ ಆ ಒಲೆಯ ಹೊಗೆ ಕುಡಿದದ್ದು ಅವರೂ ಅಮ್ಮನೂ, ನಾನಲ್ಲ. ಅಮ್ಮನ ಉಬ್ಬಸ ಬೆಂಗಳೂರಲ್ಲಿ ಹುಟ್ಟಿದ್ದೇನೂ ಅಲ್ಲವಲ್ಲ.

ಮಾಡಿಸಿ ಅಂದೆ. ಹೊರಗೋಡೆಗೇ ಇರಲಿ, ಎದುರುಬದುರು ಎರಡು ಜಾಲಂದ್ರ ಮೇಲೆ, ಒಂದು ಫ್ಯಾನು, ಟೈಲ್ಸ್ ಏಳಡಿಗೆ ನಿಲ್ಲಿಸಿ, ಅದರ ಮೇಲೆ ಸುಣ್ಣ ಅಂತ ಚಿತ್ರ ಬರೆದು ವಾಟ್ಸಾಪ್ ಮಾಡಿದೆ. ಮೇಸ್ತ್ರಿ ನೋಡಿ ನಗಾಡಿದನಂತೆ, "ಈ ಕಾಲ್ದಗೂ ಸುಣ್ಣವಾ!" ಅಂತ. ಒಪ್ಪಿದ್ದಾನೆ. ಹಂಡೆ ಏನು ಮಾಡುವುದು ಅಂತ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಗುಜರಿಗೆ ಕೊಡೋಣ ಅಂತ ಅಪ್ಪಯ್ಯ, ನೀರು ತುಂಬುವ ಹಬ್ಬಕ್ಕೆ ಗೀಸರಿಗೆ ಬಳ್ಳಿ ಸುತ್ತುವುದಾ ಅಂತ ಅಮ್ಮ.