ಚಿನ್ನದ ಗಣಿಗೆ ಹೊರಟ ಕಾವೇರಿ ಕರೆಂಟು

ಶಿವನಸಮುದ್ರದ 1902ರ ವಿದ್ಯುದಾಗಾರದ ಮಾತು ಬಂದರೆ ಸಾಕು, ನಮ್ಮವರು ಅದಕ್ಕೆ ಎರಡು ಬಿರುದು ತೊಡಿಸದೆ ಬಿಡುವುದಿಲ್ಲ: ಏಷ್ಯಾದಲ್ಲೇ ಮೊದಲು, ಜಗತ್ತಿನಲ್ಲೇ ಉದ್ದದ ತಂತಿ. ಎರಡೂ ಪರೀಕ್ಷೆಗೆ ನಿಲ್ಲುವುದಿಲ್ಲ. ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ ನೀರಿನಿಂದ ಕರೆಂಟು ಬಂದಿತ್ತು. ಡಾರ್ಜಿಲಿಂಗ್ ಬಳಿಯ ಸಿದ್ರಾಪೋಂಗ್‌ನ ಪುಟ್ಟ ಕೇಂದ್ರ 1897ರದು. ಉದ್ದದ ಲೆಕ್ಕಕ್ಕೆ ಬಂದರೆ, ಕ್ಯಾಲಿಫೋರ್ನಿಯಾದವರು 1901ರಲ್ಲೇ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ತಂತಿ ಎಳೆದಿದ್ದರು.

ಬಿರುದು ಕಳಚಿದ ಮೇಲೂ ಕಥೆಗೆ ಕಳೆ ಕುಂದುವುದಿಲ್ಲ. ಇಷ್ಟೆಲ್ಲ ಸಾಹಸ ನಡೆದದ್ದು ಒಬ್ಬನೇ ಗಿರಾಕಿಗಾಗಿ.

ಆ ಗಿರಾಕಿ ಕೋಲಾರದ ಚಿನ್ನದ ಗಣಿ. ಜಾನ್ ಟೇಲರ್ ಕಂಪನಿಯ ಕೈಗೆ ಬಂದ ಮೇಲೆ ಗಣಿಗಳು ವರ್ಷವರ್ಷವೂ ಆಳಕ್ಕೆ ಇಳಿಯುತ್ತಿದ್ದವು. ಅದಿರು ಕುಟ್ಟಬೇಕು, ಬಕೆಟ್ಟು ಎತ್ತಬೇಕು, ನೀರು ಹೊರಹಾಕಬೇಕು, ಎಲ್ಲಕ್ಕೂ ಉಗಿಯಂತ್ರ. ಉಗಿಗೆ ಸೌದೆ, ಕಲ್ಲಿದ್ದಲು. ಆ ಬಯಲಿನಲ್ಲಿ ಉರುವಲು ದುಬಾರಿ. ಅತ್ತ, 147 ಕಿಲೋಮೀಟರ್ ಆಚೆ, ಕಾವೇರಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುತ್ತಿತ್ತು.

ಈ ಎರಡನ್ನೂ ಜೋಡಿಸಲು ಹೊರಟವರು ಮೈಸೂರು ಸಂಸ್ಥಾನದ ಡೆಪ್ಯುಟಿ ಚೀಫ್ ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯೆರ್. ಯೋಜನೆಗೆ ಬೆನ್ನೆಲುಬಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಇಂಥ ಕೆಲಸ ಬೇರೆಡೆ ಹೇಗೆ ನಡೆದಿದೆ ಎಂದು ನೋಡಲು ಲಾಟ್‌ಬಿನಿಯೆರ್ ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದರು. ಹೆಸರಾಂತ ನಯಾಗರದ ಕರೆಂಟು ಆಗ ಹರಿಯುತ್ತಿದ್ದುದೇ ನಲವತ್ತು ಕಿಲೋಮೀಟರ್ ದೂರದ ಬಫಲೋ ಪಟ್ಟಣಕ್ಕೆ. ಮೈಸೂರು ಹಾಕಿಕೊಂಡ ಪಣ ಅದರ ಮೂರು ಪಟ್ಟಿಗೂ ಹೆಚ್ಚು.

ಜಲಪಾತಕ್ಕೆ ಮೇಲಿನಿಂದಲೇ ಕಾಲುವೆ ತೆಗೆದು, ಗುಡ್ಡದ ಓರೆಯಲ್ಲಿ ಸುಮಾರು 400 ಅಡಿ ಕೊಳವೆಯಲ್ಲಿ ನೀರನ್ನು ಇಳಿಸಿದರು. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ತಲಾ 720 ಕಿಲೋವ್ಯಾಟಿನ ಆರು ಯಂತ್ರಗಳು. ಇಂದಿನ ಒಂದೆರಡು ದೊಡ್ಡ ಗಾಳಿಯಂತ್ರಗಳಿಗೆ ಸಮ, ಅಷ್ಟೇ. 1902ರ ಜೂನ್ 30ರಂದು ಕರೆಂಟು ಗಣಿ ಮುಟ್ಟಿತು. ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ. ಹಿಂದಿನ ಸೆಪ್ಟೆಂಬರಿನಲ್ಲೇ ಅವರು ತೀರಿಕೊಂಡಿದ್ದರು.

ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ಅದರಿಂದ ಒಂದು ಬುಡ್ಡಿ ದೀಪವೂ ಆರಲಿಲ್ಲ. ಮೂವತ್ತು ಸಾವಿರ ವೋಲ್ಟಿಗೂ ಮಿಕ್ಕಿದ ಒತ್ತಡದ ತಂತಿಯಿಂದ ನಡುದಾರಿಯಲ್ಲಿ ಒಂದು ಮನೆಗೆ ದೀಪ ಕೊಡುವುದು ಆಗುವ ಮಾತಲ್ಲ. ಅದಕ್ಕೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರು, ಕಂಬ, ಹಣ ಕಟ್ಟುವ ಬಳಕೆದಾರ ಎಲ್ಲ ಬೇಕು. ಸಂಸ್ಥಾನದ ದೊಡ್ಡ ಊರು ಬೆಂಗಳೂರಿಗೇ ದೀಪ ಬಂದದ್ದು 1905ರ ಆಗಸ್ಟಿನಲ್ಲಿ, ಗಣಿಗಿಂತ ಮೂರು ವರ್ಷ ತಡವಾಗಿ. ರಾಜಧಾನಿ ಮೈಸೂರಿನ ಸರದಿ ಅದಕ್ಕೂ ಆಮೇಲೆ, 1908ರಲ್ಲಿ.

ಹೀಗೆ ಬೇಡಿಕೆ ಏರುತ್ತಿದ್ದರೆ ನದಿ ತನ್ನ ಪಾಡಿಗೆ ತಾನಿತ್ತು. ಮಳೆಗಾಲದಲ್ಲಿ ಬೋರ್ಗರೆಯುವ ಕಾವೇರಿ ಬೇಸಿಗೆಯಲ್ಲಿ ಸೊರಗುತ್ತದೆ. ಗಣಿಯ ಪಂಪಿಗೆ ಮಾತ್ರ ಬೇಸಿಗೆ ರಜೆಯಿಲ್ಲ. ನೀರನ್ನು ಕೂಡಿಟ್ಟು ವರ್ಷವಿಡೀ ಬಿಡುವ ಏರ್ಪಾಡು ಬೇಕೇಬೇಕಾಯಿತು. ವಿಶ್ವೇಶ್ವರಯ್ಯನವರು ಕನ್ನಂಬಾಡಿ ಅಣೆಕಟ್ಟೆಗೆ ಮುಂದಿಟ್ಟ ಕಾರಣಗಳಲ್ಲಿ ಇದೂ ಒಂದು. ಮಂಡ್ಯದ ಗದ್ದೆಗಳಿಗೆ ನೀರು ಕೊಟ್ಟ ಅಣೆಕಟ್ಟೆ ಎಂದೇ ಅದು ಹೆಸರಾಗಿದೆ. 1911ರಲ್ಲಿ ಕೆಲಸ ಶುರುವಾದಾಗ ಕೋಲಾರದ ಗಣಿಯೂ ಅದರ ಲೆಕ್ಕದಲ್ಲಿತ್ತೆಂಬುದನ್ನು ನೆನೆಯುವವರು ಕಡಿಮೆ. ಮದರಾಸು ಸರ್ಕಾರ ತಕರಾರು ತೆಗೆದದ್ದು, ಕಾವೇರಿ ನೀರಿನ ಬಗ್ಗೆ ಎರಡೂ ಕಡೆಯವರು ಮಾಡಿಕೊಂಡ 1924ರ ಒಪ್ಪಂದ, ಆ ಒಪ್ಪಂದದ ಸುತ್ತ ಇಂದಿಗೂ ಮುಗಿಯದ ಜಗಳ, ಇವೆಲ್ಲವೂ ಅದೇ ಕಟ್ಟೆಯ ಸುತ್ತ ಹೆಣೆದುಕೊಂಡವು.

ಕೋಲಾರದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಶಿವನಸಮುದ್ರದ ಸಾಮರ್ಥ್ಯ ಅಷ್ಟರೊಳಗೆ 42 ಮೆಗಾವ್ಯಾಟಿಗೆ ಬೆಳೆದಿತ್ತು, ಗಿರಾಕಿಗಳಿಗೂ ಕೊರತೆಯಿರಲಿಲ್ಲ.