ಚೊಚ್ಚಲ ಎಂದರೆ ಕೊಡುವ ಮಾತು

ಮೊನ್ನೆ ಬಸ್ಸಿನಲ್ಲಿ ಹಿಂದಿನ ಸೀಟಿನವರೊಬ್ಬರು ಫೋನಿನಲ್ಲಿ ‘ಇದು ನಮ್ಮ ಚೊಚ್ಚಲ ಸೈಟು’ ಎನ್ನುತ್ತಿದ್ದರು. ಚೊಚ್ಚಲ ಶತಕ, ಚೊಚ್ಚಲ ಚಿತ್ರ, ಚೊಚ್ಚಲ ಬಜೆಟ್ ಆಗಿತ್ತು. ಈಗ ಸೈಟಿಗೂ ಬಂತು. ‘ಮೊದಲ’ ಎಂಬ ಒಳ್ಳೆಯ ಮಾತಿರುವಾಗ ಕಂಡಕಂಡದ್ದಕ್ಕೆಲ್ಲ ಚೊಚ್ಚಲ ಅಂಟಿಸುವುದು ನನಗೆ ಹಿಡಿಸದು. ಅದು ಬಾಣಂತಿ ಕೋಣೆಯ, ಕೊಟ್ಟಿಗೆಯ ಮಾತು. ಚೊಚ್ಚಲ ಬಸುರಿ, ಚೊಚ್ಚಲ ಹೆರಿಗೆ, ಚೊಚ್ಚಲ ಕರು ಎನ್ನುವಾಗ ಎಣಿಕೆ ಶುರುವಾಗುವುದು ತಾಯಿಯ ಒಡಲಿನಿಂದ.

ಬೈಬಲಿನ ಅಣ್ಣತಮ್ಮಂದಿರ ಜಗಳದ ಬೇರೂ ಈ ಎಣಿಕೆಯಲ್ಲೇ ಇದೆ ಎಂಬುದು ನನ್ನ ಗಟ್ಟಿ ನಂಬಿಕೆ. ಹಳೆಯ ಇಸ್ರಾಯೇಲ್ಯರಲ್ಲಿ ಚೊಚ್ಚಲಕ್ಕೆ ಎರಡು ಲೆಕ್ಕ. ವಿಮೋಚನಕಾಂಡದಲ್ಲಿ ತಾಯಿಯ ಗರ್ಭವನ್ನು ಮೊದಲು ತೆರೆದ ಗಂಡು, ಮಗುವಾಗಲಿ ಕರುವಾಗಲಿ, ದೇವರಿಗೆ ಮೀಸಲು. ಧರ್ಮೋಪದೇಶಕಾಂಡದ 21ನೇ ಅಧ್ಯಾಯದಲ್ಲಿ ಅಪ್ಪನ ಮೊದಲ ಮಗನಿಗೆ ಆಸ್ತಿಯಲ್ಲಿ ಎರಡು ಪಾಲು. ಒಲ್ಲದ ಹೆಂಡತಿಯ ಮಗನೆಂದು ತಪ್ಪಿಸುವಂತಿಲ್ಲ. ಒಂದು ಲೆಕ್ಕದಲ್ಲಿ ಚೊಚ್ಚಲ ದೇವರಿಗೆ ಕೊಡುವಂಥದ್ದು, ಇನ್ನೊಂದರಲ್ಲಿ ಅಪ್ಪನಿಂದ ಪಡೆಯುವವನು. ಕೊಡುವ ಮಾತು ಪಡೆಯುವ ಮಾತಾದಾಗಲೇ ಮನೆಯೊಳಗೆ ಬೇಲಿ ಎದ್ದಿತು.

ನಮ್ಮಲ್ಲೊಂದು ಗಾದೆ: ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಪಾಲುಪಟ್ಟಿಗೆ ಕೂತಲ್ಲಿ ಯಾರಾದರೊಬ್ಬರು ಇದನ್ನು ಆಡುತ್ತಾರೆ. ಇನ್ನು ಮಾಡುವುದೇನಿದೆ ಎಂಬಂತೆ ಉಳಿದವರು ತಲೆದೂಗುತ್ತಾರೆ. ಹಾಗೆ ತಲೆದೂಗುವುದನ್ನು ಕಂಡರೆ ನನಗೆ ಸಿಟ್ಟು. ಆದಿಕಾಂಡದ ಏಸಾವ ಯಾಕೋಬರು ಈ ಗಾದೆಯನ್ನು ತಲೆಕೆಳಗು ಮಾಡಿದವರು. ಹುಟ್ಟುವ ಮೊದಲೇ ಅವರು ದಾಯಾದಿಗಳು. ತಾಯಿ ರೆಬೆಕ್ಕಳ ಬಸಿರಲ್ಲೇ ಗುದ್ದಾಡಿದರು, ತಮ್ಮ ಯಾಕೋಬ ಅಣ್ಣ ಏಸಾವನ ಹಿಮ್ಮಡಿ ಹಿಡಿದೇ ಹೊರಬಂದ. ದಣಿದು ಹಸಿದು ಬಂದ ಅಣ್ಣ, ರೊಟ್ಟಿಗೂ ಬೇಳೆಯ ಕೆಂಪು ಸಾರಿಗೂ ಚೊಚ್ಚಲತನದ ಹಕ್ಕನ್ನು ಆಣೆಯಿಟ್ಟು ತಮ್ಮನಿಗೆ ಮಾರಿದ. ಕಣ್ಣು ಮಂಜಾಗಿದ್ದ ಅಪ್ಪ ಇಸಾಕನ ಆಶೀರ್ವಾದವನ್ನೂ ಯಾಕೋಬ ಕೈಗೆ ಮೇಕೆಮರಿಯ ಚರ್ಮ ಸುತ್ತಿಕೊಂಡು ಲಪಟಾಯಿಸಿದ. ಗಳಿಸಿದ್ದೇನು? ಊರು ಬಿಟ್ಟು 20 ವರ್ಷ ಮಾವ ಲಾಬಾನನ ಮನೆಯಲ್ಲಿ ದುಡಿದ. ಮರಳುವಾಗ, 400 ಜನರೊಡನೆ ಎದುರು ಬರುತ್ತಿದ್ದ ಅಣ್ಣನಿಗೆ ಹೆದರಿ 200 ಮೇಕೆ, 200 ಕುರಿ, 40 ಹಸು, ಮರಿಗಳ ಸಮೇತ 30 ಹಾಲೊಂಟೆಗಳನ್ನು, ಅವುಗಳ ಜೊತೆ ಟಗರು ಹೋರಿ ಕತ್ತೆಗಳನ್ನೂ ಮುಂದೆ ಕಳಿಸಿದ. ಏಳು ಸಲ ನೆಲಮುಟ್ಟ ಬಾಗಿದ. ಏಸಾವ ಓಡಿಬಂದು ತಬ್ಬಿಕೊಂಡ, ಇಬ್ಬರೂ ಅತ್ತರು. ತನ್ನಲ್ಲಿ ಬೇಕಾದಷ್ಟಿದೆ, ತಮ್ಮನದು ತಮ್ಮನಿಗೇ ಇರಲಿ ಎಂದ ಏಸಾವ, ಒತ್ತಾಯಕ್ಕಷ್ಟೇ ಕಾಣಿಕೆ ತೆಗೆದುಕೊಂಡ. ಮುಂದೆ ಅಪ್ಪನನ್ನು ಇಬ್ಬರೂ ಕೂಡಿಯೇ ಮಣ್ಣು ಮಾಡಿದರು. ಹುಟ್ಟುತ್ತಾ ದಾಯಾದಿಗಳು, ಬೆಳೆಯುತ್ತಾ ಅಣ್ಣತಮ್ಮಂದಿರು!

ಚರ್ಚಿನ ಪ್ರಸಂಗಗಳಲ್ಲಿ ಏಸಾವನ ಹೊಟ್ಟೆಬಾಕತನದ ಮಾತೇ ಹೆಚ್ಚು. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯವೂ ಅವನನ್ನು ತೋರಿಸಿ ಎಚ್ಚರಿಸುತ್ತದೆ, ಒಪ್ಪೋಣ. ಆದರೆ ಅದೇ ಅಧ್ಯಾಯದಲ್ಲಿ ಕೆಲವೇ ವಚನ ಮುಂದೆ ಚೊಚ್ಚಲರ ಸಭೆಯ ಪ್ರಸ್ತಾಪವಿದೆ, ಅದೂ ಬಹುವಚನದಲ್ಲಿ. ಕ್ರಿಸ್ತನ ಮನೆಯಲ್ಲಿ ಎಲ್ಲರೂ ಚೊಚ್ಚಲರೇ. ಒಬ್ಬನ ಎರಡು ಪಾಲಿಗಾಗಿ ಇನ್ನೊಬ್ಬನದು ಕಡಿಮೆಯಾಗಬೇಕಿಲ್ಲ.

ಲೂಕನ ಸುವಾರ್ತೆಯಲ್ಲಿ ಒಬ್ಬ ಯೇಸುವಿನ ಬಳಿ ಬಂದು, ಆಸ್ತಿ ಪಾಲು ಮಾಡಿಕೊಡಲು ತನ್ನ ಸಹೋದರನಿಗೆ ಹೇಳಬೇಕೆಂದು ಕೇಳಿದ. ಯೇಸು ಆ ಪಂಚಾಯಿತಿಗೆ ಒಪ್ಪದೆ ದುರಾಶೆಯ ಬಗ್ಗೆ ಎಚ್ಚರಿಸಿದ. ದೊಡ್ಡ ಕಣಜ ಕಟ್ಟುವ ಯೋಚನೆಯಲ್ಲೇ ಪ್ರಾಣ ಬಿಡಬೇಕಾದ ಸಿರಿವಂತನ ಕತೆ ಹೇಳಿದ. ನ್ಯಾಯದ ಪಾಲು ಕೇಳುವುದು ತಪ್ಪೆಂದು ಯಾರೂ ತಿಳಿಯಬಾರದು. ಬೈಬಲಿನಲ್ಲೇ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ಅಪ್ಪನ ಪಾಲನ್ನು ಕೇಳಿಯೇ ಪಡೆದರು. ಆದರೆ ಪಾಲು ಕೈಸೇರಿದ ಮೇಲೂ ಒಡಹುಟ್ಟಿದವರ ಗದ್ದೆಯ ಬದುವಿನ ಮೇಲೆ ಕಣ್ಣಿಟ್ಟರೆ ಅದು ಲೋಭ. ಅಲ್ಲಿ ಬಿಟ್ಟುಕೊಡುವ ಕೈ ಮೊದಲು ಹಿರಿಯರದಾಗಲಿ. ಚೊಚ್ಚಲರಾಗಿ ಹುಟ್ಟಿದ್ದಕ್ಕೆ ಅದೇ ಸಾರ್ಥಕತೆ.