ತೆಳುವಾಗಿ ಹರಡಬೇಕಿದ್ದ ನೀರು: ತುಂಗಭದ್ರಾ ಜಲಾಶಯ ಮತ್ತು ಎಡದಂಡೆಯ ಭೂಮಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್‌ಗಳನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಲಾಯಿತು. ಅಷ್ಟೂ ದಿನ ನಾಡಿನ ಗಮನವೆಲ್ಲ ಜಲಾಶಯದಲ್ಲಿ ಉಳಿದ ಟಿಎಂಸಿಯ ಮೇಲಿತ್ತು. ಹೂಳಿನ ಚರ್ಚೆಯಲ್ಲಿಯೂ ಹೀಗೆಯೇ ಆಗುತ್ತದೆ: ಎಷ್ಟು ಹಿಡಿಯುತ್ತದೆ, ಎಷ್ಟು ಕಳೆದುಕೊಂಡಿತು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಸಂಗ್ರಹದ ಪ್ರಶ್ನೆ ದೊಡ್ಡದೇ. ಆದರೆ ಕೊಪ್ಪಳ, ರಾಯಚೂರು ಜಿಲ್ಲೆಗಳ ಭೂಮಿ, ಬೆಳೆ ಮತ್ತು ಜನಜೀವನ ಇಂದಿನ ರೂಪ ಪಡೆದದ್ದು ಸಂಗ್ರಹದಿಂದ ಎನ್ನುವುದಕ್ಕಿಂತ ಹಂಚಿಕೆಯಿಂದ ಎಂಬುದು ಈ ಲೇಖನದ ವಾದ. ಹೂಳು ತುಂಬುವ ಮೊದಲೇ ಕಾಲುವೆಯ ಕೊನೆಭಾಗ ಒಣಗಿತ್ತು.

ಈ ಯೋಜನೆಯ ಹಿಂದೆ ಬರಗಾಲದ ನೆನಪಿದೆ. 1876–78ರ ಧಾತು–ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಅತಿ ಹೆಚ್ಚು ನರಳಿದ ಪ್ರದೇಶಗಳಲ್ಲಿ ಬಳ್ಳಾರಿ ಸೀಮೆಯೂ ಒಂದು. ತುಂಗಭದ್ರೆಯ ನೀರನ್ನು ಈ ಒಣ ಬಯಲಿಗೆ ತಿರುಗಿಸುವ ಆಲೋಚನೆಯನ್ನು ಅದಕ್ಕೂ ಮೊದಲೇ, 1860ರಲ್ಲಿ, ಸರ್ ಆರ್ಥರ್ ಕಾಟನ್ ಮುಂದಿಟ್ಟಿದ್ದರು. ಆದರೆ ನದಿಯ ಒಂದು ದಡ ಮದ್ರಾಸ್ ಆಧಿಪತ್ಯದ್ದು, ಇನ್ನೊಂದು ದಡ ನಿಜಾಮರ ಹೈದರಾಬಾದಿನದು. ಎರಡು ಸರ್ಕಾರಗಳು ಒಪ್ಪಂದಕ್ಕೆ ಬಂದದ್ದು 1944ರಲ್ಲಿ. 1945ರ ಫೆಬ್ರುವರಿ 28ರಂದು ಎಡದಂಡೆಯಲ್ಲಿ ಬೇರಾರ್‌ನ ಯುವರಾಜರೂ ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಅವರೂ ಶಂಕುಸ್ಥಾಪನೆ ಮಾಡಿದರು. ಒಂದೇ ಕಟ್ಟೆಗೆ ಎರಡು ಅಡಿಗಲ್ಲು! ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ ಎದ್ದ ಈ ಕಟ್ಟೆಯಿಂದ 1953ರಲ್ಲಿ ಕಾಲುವೆಗೆ ನೀರು ಬಿಡುವ ವೇಳೆಗೆ ನಿಜಾಮರ ಆಳ್ವಿಕೆ ಕೊನೆಗೊಂಡಿತ್ತು. ಅದೇ ವರ್ಷ ಆಂಧ್ರ ರಾಜ್ಯ ಹುಟ್ಟಿ ಬಳ್ಳಾರಿ ಮೈಸೂರಿಗೆ ಸೇರಿತು. 1956ರಲ್ಲಿ ರಾಯಚೂರೂ ಬಂದಿತು. ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳು ಇಂದಿಗೂ ಅಂತರರಾಜ್ಯ ಕಾಲುವೆಗಳಾಗಿದ್ದು, ಅವು ತುಂಗಭದ್ರಾ ಮಂಡಳಿಯ ಉಸ್ತುವಾರಿಯಲ್ಲಿವೆ. 227 ಕಿಲೋಮೀಟರ್ ಉದ್ದದ ಎಡದಂಡೆ ಮುಖ್ಯ ಕಾಲುವೆ ಮಾತ್ರ ಪೂರ್ತಿಯಾಗಿ ಕರ್ನಾಟಕದ್ದು. ಆದ್ದರಿಂದ ಅದರ ನೀರು ಕೊನೆಯ ಹೊಲ ತಲುಪದಿದ್ದರೆ ನೆರೆರಾಜ್ಯವನ್ನು ದೂರುವಂತಿಲ್ಲ. ಅದು ನಮ್ಮೊಳಗಿನ ಹಂಚಿಕೆಯ ಸಂಗತಿ. ಈ ಅಧ್ಯಯನಕ್ಕೆ ಎಡದಂಡೆಯನ್ನೇ ಆರಿಸಿಕೊಳ್ಳಲು ಇದೇ ಕಾರಣ.

ಬರ ತಡೆಯಬೇಕೆಂಬ ಉದ್ದೇಶ ಕಾಲುವೆಯ ವಿನ್ಯಾಸದಲ್ಲಿಯೇ ಅಡಕವಾಗಿದೆ. ಇದ್ದ ನೀರನ್ನು ಕೆಲವೇ ಹಳ್ಳಿಗಳ ಗದ್ದೆಗೆ ಧಾರಾಳವಾಗಿ ಉಣಿಸುವ ಬದಲು ಸಾಧ್ಯವಾದಷ್ಟು ಹೆಚ್ಚು ಭೂಮಿಗೆ ತೆಳುವಾಗಿ ಹರಡಬೇಕು, ಮಳೆ ಕೈಕೊಟ್ಟ ವರ್ಷವೂ ಜೋಳವೋ ಹತ್ತಿಯೋ ಶೇಂಗಾವೋ ಕೈಗೆ ಹತ್ತಬೇಕು ಎಂಬುದು ಯೋಜಕರ ಲೆಕ್ಕ. ಅದರಂತೆ ಯಾವ ಸರ್ವೆ ನಂಬರಿಗೆ ಯಾವ ಬೆಳೆ, ಯಾವ ಹಂಗಾಮಿನಲ್ಲಿ ನೀರು ಎಂಬುದನ್ನು ಮೊದಲೇ ಗೊತ್ತುಪಡಿಸಲಾಯಿತು. ಎಡದಂಡೆಯ ಸುಮಾರು 6 ಲಕ್ಷ ಎಕರೆಯಲ್ಲಿ ಬಹುಪಾಲು ಮಿತ ನೀರಾವರಿಯ ಬೆಳೆಗಳಿಗೆ ಮೀಸಲು. ಭತ್ತಕ್ಕೆ ಸಿಕ್ಕದ್ದು ಚಿಕ್ಕ ಪಾಲು. ಮುಖ್ಯ ಕಾಲುವೆಯ ಅಗಲ, ವಿತರಣಾ ಕಾಲುವೆಗಳ ತೂಬಿನ ಗಾತ್ರ ಎಲ್ಲವೂ ಈ ಬೆಳೆ ಪದ್ಧತಿಯನ್ನು ನಂಬಿಯೇ ನಿರ್ಧಾರವಾದವು.

ಆ ನಂಬಿಕೆ ಉಳಿಯಲಿಲ್ಲ. ಎಡದಂಡೆಯ ಬಗ್ಗೆ ದೀರ್ಘ ಕ್ಷೇತ್ರಕಾರ್ಯ ನಡೆಸಿದ ಡಚ್ ವಿದ್ವಾಂಸ ಪೀಟರ್ ಮೊಲಿಂಗಾ ತಮ್ಮ 1998ರ ಮಹಾಪ್ರಬಂಧದಲ್ಲಿ, ತೂಬಿನ ಬಳಿಯ ನಿತ್ಯದ ಹೋರಾಟ, ಇಲಾಖೆಯ ಸಿಬ್ಬಂದಿ ಮತ್ತು ಸ್ಥಳೀಯ ರಾಜಕಾರಣ ಸೇರಿ ನೀರಿನ ನಿಜವಾದ ಹಂಚಿಕೆಯನ್ನು ಹೇಗೆ ತೀರ್ಮಾನಿಸುತ್ತವೆ ಎಂಬುದನ್ನು ತೋರಿಸಿದ್ದಾರೆ. ಅವರ ವಿವರಣೆಗೆ ಮಣ್ಣಿನ ಗುಣವನ್ನೂ ಕಾಲದ ಒತ್ತಡವನ್ನೂ ಜೋಡಿಸಿ ನೋಡಬೇಕೆಂದು ನನಗೆ ತೋರುತ್ತದೆ. ಕಾಲುವೆ ಬರುತ್ತಿದ್ದಂತೆ ಕೃಷ್ಣಾ–ಗೋದಾವರಿ ಕಡೆಯ ರೈತ ಕುಟುಂಬಗಳು ಗಂಗಾವತಿ, ಕಾರಟಗಿ, ಸಿಂಧನೂರು ಭಾಗಕ್ಕೆ ವಲಸೆ ಬಂದು ಭೂಮಿ ಕೊಂಡವು. ಅವರು ನೆಲೆನಿಂತ ಊರುಗಳಿಗೆ ‘ಕ್ಯಾಂಪ್’ ಎಂಬ ಹೆಸರೇ ಉಳಿಯಿತು. ನೆಲ ಸಮಮಾಡಿ ಬದು ಕಟ್ಟುವ, ನಾಟಿ ಮಾಡುವ ಅನುಭವವೂ ಬಂಡವಾಳವೂ ಅವರೊಂದಿಗೆ ಬಂದವು. ಅರವತ್ತರ ದಶಕದ ಆಹಾರ ಕೊರತೆಯಲ್ಲಿ ದೇಶಕ್ಕೆ ಅಕ್ಕಿ ಬೇಕಿತ್ತು. ಅಕ್ಕಿ ಗಿರಣಿ, ಸಾಲ ಕೊಡುವ ವರ್ತಕ, ಕೊಳ್ಳುವ ಮಾರುಕಟ್ಟೆ ಒಂದರ ಹಿಂದೆ ಒಂದು ನೆಲೆಗೊಂಡವು. ಇನ್ನೊಂದು ಕಾರಣವನ್ನು ಕಚೇರಿಯ ನಕ್ಷೆ ಕಾಣಲಿಲ್ಲ: ಮೇಲಿನ ಹೊಲದವನು ಭತ್ತ ಹಚ್ಚಿದರೆ ಬಸಿನೀರು ಕೆಳಗಿನ ಹೊಲಕ್ಕೆ ಇಳಿಯುತ್ತದೆ. ಅಲ್ಲಿ ಜೋಳ, ಹತ್ತಿಯ ಬೇರು ಕೊಳೆಯುತ್ತದೆ. ಆ ರೈತನಿಗೂ ಭತ್ತವೇ ಗತಿ. ನಿಯಮ ಮುರಿಯುವ ಮನಸ್ಸಿಲ್ಲದವನನ್ನೂ ನೆರೆಯ ಗದ್ದೆಯೇ ಭತ್ತದತ್ತ ನೂಕಿತು. ಹೀಗಾಗಿ ಕಾನೂನಿನ ಭಾಷೆಯ ‘ಉಲ್ಲಂಘನೆ’ ಎಂಬ ಪದದಿಂದ ಇಲ್ಲಿ ನಡೆದುದರ ಅರ್ಧವಷ್ಟೇ ತಿಳಿಯುತ್ತದೆ.

ಗಂಗಾವತಿ ಇಂದು ಭತ್ತದ ಕಣಜ. ಇಲ್ಲಿನ ಸೋನಾ ಮಸೂರಿ ನಾಡಿನ ಮೂಲೆ ಮೂಲೆಗೂ ಹೋಗುತ್ತದೆ, ಕೂಲಿಗಾಗಿ ಒಣಭೂಮಿಯ ಹಳ್ಳಿಗಳಿಂದ ಜನ ಬರುತ್ತಾರೆ. ಈ ಸಂಪತ್ತನ್ನು ಕಡೆಗಣಿಸಿ ಬರೆಯುವುದು ಅನ್ಯಾಯ. ಆದರೆ ಅದೇ ಕಾಲುವೆಯ ಉದ್ದಕ್ಕೂ ಪೂರ್ವಕ್ಕೆ ಸಾಗಿ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳನ್ನು ಮುಟ್ಟಿದರೆ ಚಿತ್ರ ಬೇರೆ. ಅಲ್ಲಿನ ರೈತರ ಬೇಡಿಕೆಗಳಲ್ಲಿ ಟಿಎಂಸಿಗಿಂತ ಹೆಚ್ಚಾಗಿ ಕೇಳಿಬರುವುದು 69ನೇ ಮೈಲಿ, 104ನೇ ಮೈಲಿಗಳ ಗೇಜ್. ಅಲ್ಲಿ ನಿಗದಿತ ಅಡಿಯಷ್ಟು ನೀರು ನಿಂತರೆ ಮಾತ್ರ ಕೆಳಗಿನ ವಿತರಣಾ ಕಾಲುವೆಗಳಿಗೆ ನೀರು ಏರುತ್ತದೆ. ಗೇಜ್ ಕುಸಿದಾಗ ಧರಣಿ, ರಸ್ತೆ ತಡೆ. ಮೇಲ್ಭಾಗದ ಅಕ್ರಮ ಪಂಪ್‌ಸೆಟ್ ತೆರವಿಗೆ ಆಗ್ರಹ. ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆ. ರಾಯಚೂರು ನಗರಕ್ಕೆ ಕುಡಿಯುವ ನೀರು ಒದಗಿಸುವ ಗಣೇಕಲ್ ಸಮತೋಲನ ಜಲಾಶಯವೂ ಈ ಕೊನೆಭಾಗದಲ್ಲಿಯೇ ಇರುವುದರಿಂದ ಕೊರತೆ ಹೊಲಕ್ಕಷ್ಟೇ ಸೀಮಿತವಲ್ಲ.

ಅತಿ ನೀರಿನ ದಂಡವನ್ನು ಮೇಲ್ಭಾಗವೂ ತೆತ್ತಿದೆ. ಬಸಿಗಾಲುವೆ ಸರಿಯಿಲ್ಲದ ಎರೆಭೂಮಿಯಲ್ಲಿ ವರ್ಷಕ್ಕೆ ಎರಡು ಭತ್ತ ಬೆಳೆದಾಗ ಅಂತರ್ಜಲ ಮೇಲೇರಿ, ಅದರೊಡನೆ ಏರಿದ ಲವಣ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಹೊಲ ಜವಳಾಗುತ್ತದೆ, ಆಮೇಲೆ ಸವಳಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲವಣಪೀಡಿತ ಮಣ್ಣಿನ ಕುರಿತ ಸಂಶೋಧನೆ ದಶಕಗಳಿಂದ ನಡೆದಿರುವುದಕ್ಕೆ ಕಾರಣವೇ ಇದು. ಒಂದೇ ಕಾಲುವೆಯ ಒಂದು ತುದಿ ನೀರು ಹೆಚ್ಚಾಗಿ, ಇನ್ನೊಂದು ತುದಿ ನೀರಿಲ್ಲದೆ ಕೆಡುತ್ತಿರುವಾಗ ಜಲಾಶಯದ ಒಟ್ಟು ಸಾಮರ್ಥ್ಯದ ಅಂಕಿ ನಮಗೆ ಏನನ್ನು ತಿಳಿಸೀತು?

ಇಷ್ಟು ಹೇಳಿದ ಮೇಲೆ ಹೂಳಿನ ವಿಚಾರವನ್ನು ಅದರ ಸರಿಯಾದ ಜಾಗದಲ್ಲಿ ಇಟ್ಟು ನೋಡಬಹುದು. ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯವನ್ನು ಈಗ 105.788 ಟಿಎಂಸಿ ಎಂದು ಲೆಕ್ಕಹಾಕಲಾಗುತ್ತದೆ. ಆದರೆ ಯೋಜನೆಯ ವಾರ್ಷಿಕ ಬಳಕೆಯ ಹಂಚಿಕೆ 212 ಟಿಎಂಸಿ, ಅಂದರೆ ಜಲಾಶಯದ ಪೂರ್ಣ ಸಂಗ್ರಹಕ್ಕಿಂತ ಎಷ್ಟೋ ಹೆಚ್ಚು. ಇದು ಸಾಧ್ಯವಾಗುವುದು ಮುಂಗಾರಿನಲ್ಲಿ ನದಿ ತುಂಬಿಸುತ್ತಿರುವಾಗಲೇ ಕಾಲುವೆಗಳು ಹರಿಯುವುದರಿಂದ. ಹಾಗಾಗಿ ಹೂಳಿನ ಪೆಟ್ಟು ಮುಂಗಾರಿಗೆ ಅಷ್ಟಾಗಿ ತಟ್ಟದೆ, ಮಳೆ ನಿಂತ ಮೇಲಿನ ಎರಡನೆಯ ಬೆಳೆಗೆ ಬೀಳುತ್ತದೆ. ಆ ಬೆಳೆಗೆ ನೀರು ಬಿಡುವುದನ್ನು ನೀರಾವರಿ ಸಲಹಾ ಸಮಿತಿಯ ಸಭೆ ನಿರ್ಧರಿಸುವಾಗ ಮೊದಲು ಕೈಬಿಟ್ಟುಹೋಗುವವರು ಕೊನೆಭಾಗದವರು. ಹೂಳು ಹೊಸದಾಗಿ ಅಸಮಾನತೆಯನ್ನು ಹುಟ್ಟಿಸಿಲ್ಲ, ಇದ್ದುದನ್ನು ಹರಿತಗೊಳಿಸಿದೆ.

ಕಟ್ಟೆಯ ಹಿಂದಿನ ಕಡೆಯ ಕಥೆಯನ್ನೂ ಬಿಡಲಾಗದು. ಸುಮಾರು 378 ಚದರ ಕಿಲೋಮೀಟರ್ ಹರಡಿದ ನೀರಿನಡಿ ಹತ್ತಾರು ಹಳ್ಳಿಗಳು ಹೋದವು. ಹಳೆಯ ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆನಿಂತರು. ಕಾಲುವೆಯ ಫಲ ಉಂಡ ಊರುಗಳ ಚರಿತ್ರೆ ಗಿರಣಿಗಳ ಲೆಕ್ಕದಲ್ಲಾದರೂ ಸಿಗುತ್ತದೆ; ಮುಳುಗಿದ ಊರುಗಳ ಚರಿತ್ರೆಯನ್ನು ಹಿರಿಯರ ಬಾಯಿಂದಲೇ ಕೇಳಬೇಕು, ಆ ತಲೆಮಾರು ಕಡಿಮೆಯಾಗುತ್ತಿದೆ. ಪ್ರಾದೇಶಿಕ ಅಧ್ಯಯನ ಮಾಡುವವರು ತುರ್ತಾಗಿ ಕೈಗೆತ್ತಿಕೊಳ್ಳಬೇಕಾದ ಕೆಲಸ ಇದು.

ಕಳೆದುಹೋದ ಸಾಮರ್ಥ್ಯವನ್ನು ತುಂಬಿಕೊಳ್ಳಲು ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪ ನೆರೆರಾಜ್ಯಗಳ ಒಪ್ಪಿಗೆಯ ಸುತ್ತ ಸುತ್ತುತ್ತಿದೆ. ಪ್ರವಾಹದಲ್ಲಿ ಹರಿದುಹೋಗುವ ನೀರನ್ನು ಹಿಡಿದಿಡುವುದು ಒಳ್ಳೆಯ ಆಲೋಚನೆ. ಆದರೆ ಹೀಗೆ ಉಳಿಸಿದ ನೀರು ಯಾವ ವಿತರಣಾ ಕಾಲುವೆಗೆ, ಯಾವ ಬೆಳೆಗೆ, ಯಾವ ಹಂಗಾಮಿನಲ್ಲಿ ಸಲ್ಲಬೇಕು ಎಂಬುದು ಆ ಚರ್ಚೆಯ ಮುಂಚೂಣಿಗೆ ಬಂದಿಲ್ಲ. ಅದು ತೀರ್ಮಾನವಾಗದಿದ್ದರೆ ಹೆಚ್ಚುವರಿ ನೀರು ಮೇಲ್ಭಾಗದ ಎರಡನೆಯ ಭತ್ತವನ್ನು ಇನ್ನಷ್ಟು ಭದ್ರಪಡಿಸುವ ಸಾಧ್ಯತೆಯೇ ಹೆಚ್ಚು. ಇದಕ್ಕೆ ಮೊದಲು ಎರಡು ದಾಖಲೆ ಸಾರ್ವಜನಿಕರ ಕೈಗೆ ಬರಬೇಕು: ಪ್ರತಿ ವಿತರಣಾ ಕಾಲುವೆಯಡಿ ಮೂಲದಲ್ಲಿ ಗೊತ್ತುಪಡಿಸಿದ ಬೆಳೆಯನ್ನೂ ಇಂದು ನಿಜವಾಗಿ ನಿಂತಿರುವ ಬೆಳೆಯನ್ನೂ ಸರ್ವೆ ನಂಬರುವಾರು ಅಕ್ಕಪಕ್ಕ ತೋರಿಸುವ ಪಟ್ಟಿ ಮೊದಲನೆಯದು, 69 ಮತ್ತು 104ನೇ ಮೈಲಿಗಳ ದಿನವಾರು ಗೇಜ್ ಎರಡನೆಯದು. ನವಲಿಯ ಪ್ರಯೋಜನವನ್ನು ಅಲ್ಲಿ ಸಂಗ್ರಹವಾಗುವ ಟಿಎಂಸಿಯ ಜೊತೆಗೆ, ಹಿಂಗಾರಿನಲ್ಲಿ 104ನೇ ಮೈಲಿಯ ಗೇಜ್ ಎಷ್ಟು ದಿನ ಕುಸಿಯದೆ ನಿಂತಿತು ಎಂಬುದರಿಂದಲೂ ಅಳೆಯಬೇಕು.